ಆಲಿವ್ ತೋಪಿನಲ್ಲಿ ಚೆಲ್ಲಿದ ಚರಗ

ಟಿಕೋಟಾದ ಸುಶೀಲಕ್ಕಾ, ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತೀಯಲ್ಲ? ಬಬಲೇಶ್ವರದ ಬಸುಕಾಕಾ, ಸೊಂಟದ ನೋವು ಇಳಿಯಿತೇ? ಉಳಿದ ಗೆಳೆಯರೂ ಕೇಳಿ.

ಇಟಲಿಯ ಸಮುದ್ರದಂಡೆಯ ಗುಡ್ಡಗಳಲ್ಲಿ ಗೈಡ್ ಹುಡುಗಿಯ ಹಿಂದೆ ನಾವು ಗಂಡ ಹೆಂಡತಿ ನಡೆಯುತ್ತಿದ್ದೇವೆ. ಇವತ್ತು ಎಳ್ಳು ಅಮಾವಾಸ್ಯೆ. ಬೆಳಗಿನ ತಿಂಡಿಗೆ ಆಲಿವ್ ತೋಪಿನಲ್ಲಿ ಕುಳಿತಾಗ ನನ್ನ ಹೆಂಡತಿ ಗೌರವ್ವ ಊರಿಂದ ತಂದ ಶೇಂಗಾ ಹೋಳಿಗೆ ಮುರಿದು, ಮೊದಲ ತುತ್ತನ್ನು ಭೂತಾಯಿಗೆಂದು ಮರದ ಬುಡಕ್ಕೆ ಚೆಲ್ಲಿದಳು. ಊರಲ್ಲಾದರೆ ಈ ದಿನ ಹೊಲದಲ್ಲಿ ಹೀಗೆ ಚರಗ ಚೆಲ್ಲದೆ ಯಾರೂ ಉಣ್ಣುವುದಿಲ್ಲ.

ಗೈಡ್ ಓಡಿ ಬಂದಳು. “ಎತ್ತಿಕೊಳ್ಳಿ, ಇಲ್ಲಿ ತಿನಿಸು ಎಸೆಯುವಂತಿಲ್ಲ. ಕಾಡುಹಂದಿ ಬರುತ್ತವೆ” ಎಂದಳು. ನಾನು ಗೌರವ್ವನಿಗೆ ಕನ್ನಡದಲ್ಲಿ ತಿಳಿಸಿದೆ.

“ಹಂದಿ ನಮ್ಮ ಹೊಲಕ್ಕೂ ಬರ್ತಾವಂತ ಹೇಳ್ರಿ ಆಕಿಗೆ. ಅದಕ್ಕಂತ ಭೂತಾಯಿನ್ನ ಉಪಾಸ ಇಡಾಕ ಆಗತೈತೇನು?” ಎನ್ನುತ್ತಲೇ ಗೌರವ್ವ ತುತ್ತನ್ನು ಎತ್ತಿ ಸೆರಗಿಗೆ ಕಟ್ಟಿಕೊಂಡಳು. ಆದರೆ ತಾನು ಏನೂ ತಿನ್ನಲಿಲ್ಲ. ಮದುವೆಯಾಗಿ ಬಂದಾಗಿನಿಂದ ಚರಗ ತಪ್ಪಿಸಿದವಳಲ್ಲ.

ನಮ್ಮೂರು ಸಾರವಾಡದ ಹೊಲದಲ್ಲಿದ್ದ ನನ್ನ ತಮ್ಮ ಮಲ್ಲೇಶಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಆಗತಾನೆ ಬುತ್ತಿ ಬಿಚ್ಚಿದ್ದರು. “ವೈನಿ, ನೀವು ಅಲ್ಲಿಂದ ಒದರ್ರಿ, ನಾ ಇಲ್ಲಿ ಚೆಲ್ತೀನಿ. ಒದರೂದಕ್ಕ ಹಂದಿ ಬರೂದಿಲ್ಲ!” ಎಂದ.

ಗೌರವ್ವ ಸಮುದ್ರದ ಕಡೆ ಮುಖ ಮಾಡಿ “ಹುಲ್ಲುಲಿಗ್ಯೋ!” ಎಂದು ಚರಗದ ಕೂಗು ಹಾಕಿದಳು. ಫೋನಿನಲ್ಲಿ ಮಲ್ಲೇಶಿ ತುತ್ತು ಚೆಲ್ಲುತ್ತ “ಚಲ್ಲಂಬ್ರಿಗ್ಯೋ!” ಎಂದು ಕೂಗಿಗೆ ಕೂಗು ಕೊಟ್ಟ. ಜೋಳದ ಸಾಲಿನಲ್ಲಿ ನೀರು ಚಿಮುಕಿಸುತ್ತ ಅಪ್ಪನ ಹಿಂದೆ ನಾನೂ ಹಾಗೆಯೇ ಕೂಗುತ್ತಿದ್ದದ್ದು ನೆನಪಾಯಿತು.

ಆಮೇಲೆ ಅವಳು ಹೋಳಿಗೆ ಮುಟ್ಟಿದಳು. ಅದರ ವಾಸನೆಗೆ ಹಂದಿ ಬರಲಿಲ್ಲ, ಗೈಡೇ ಬಂದು ಎರಡು ತಿಂದಳು.

ಯಾರ ಹೊಲದಲ್ಲಾದರೂ ಚರಗ ಇನ್ನೂ ಬಾಕಿ ಇದ್ದರೆ ಬೇಗ ಬರೆಯಿರಿ. ಕೂಗುವ ಕೆಲಸ ಗೌರವ್ವನಿಗೆ ಬಿಡಿ.