ಮೇಣದ ಬತ್ತಿಯ ಮೇಲಿನ ಹಲ್ಲು

ಬಂದರಿನ ಬೀದಿಯಲ್ಲಿ ಹಲ್ಲಿನ ಮೇಸ್ತ್ರಿ ಎಂದರೆ ಸಾಕು, ಯಾರಾದರೂ ಕೈತೋರಿಸುತ್ತಿದ್ದರು. ಅವನೇನೂ ವೈದ್ಯನಲ್ಲ. ವೈದ್ಯರು ಹಲ್ಲು ಕಿತ್ತು ಕಳಿಸಿದವರಿಗೆ ಕಟ್ಟಿದ ಹಲ್ಲಿನ ಸೆಟ್ಟು ಮಾಡಿಕೊಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಇಪ್ಪತ್ತೆರಡು ವರ್ಷ ಮೇಣ ಕಾಯಿಸಿ, ಪ್ಲಾಸ್ಟರ್ ಕಲಸಿ, ಅವನ ಹುಬ್ಬು ಸಹ ಬೆಳ್ಳಗಾಗಿತ್ತು.

ಅವನಿಗೊಂದು ಪದ್ಧತಿ. ಹಲ್ಲು ತೀರಾ ನೇರವಾಗಿ ಕೂತರೆ ಕಟ್ಟಿಸಿದ್ದು ಎಂದು ಮಗುವೂ ಹೇಳಿಬಿಡುತ್ತದೆ. ಅದಕ್ಕೇ ಪ್ರತಿ ಸೆಟ್ಟಿನಲ್ಲೂ ಒಂದು ಹಲ್ಲನ್ನು ಬೇಕೆಂದೇ ತುಸು ಸೊಟ್ಟಗೆ ಕೂರಿಸುತ್ತಿದ್ದ. ಒಬ್ಬರಿಗೆ ಮಾಡಿದಂತೆ ಇನ್ನೊಬ್ಬರಿಗಿಲ್ಲ. ಮಾವನಿಗೆ ಮಾತ್ರ, ಹೆಣ್ಣು ಕೊಟ್ಟವರು ಎಂಬ ಪ್ರೀತಿಗೆ, ಎರಡು: ಮೇಲಿನ ಸಾಲಿನ ಎಡಗಡೆ ಒಂದರ ಮೇಲೊಂದು ಏರಿದ ಹಾಗೆ.

ಮಾವ ಮಹಾ ಸಾಧು. ಸರಕು ಹಡಗಿನಲ್ಲಿ ಅಡುಗೆ ಕೆಲಸ ಎಂದು ತಿಂಗಳಿಗೆ ಹತ್ತು ದಿನ ಹೋಗುತ್ತಿದ್ದರು. ಉಳಿದ ದಿನ ಮಗಳ ಮನೆಯಲ್ಲಿ ತರಕಾರಿ ಹೆಚ್ಚಿಕೊಂಡು ಕೂತಿರುತ್ತಿದ್ದರು. ಇರುವೆ ಕಂಡರೂ ಕಾಲು ಎತ್ತಿ ದಾಟುವ ಮನುಷ್ಯ.

ಮೇಸ್ತ್ರಿಗೆ ಕಡಲ್ಗಳ್ಳರ ಕಥೆಯ ಹುಚ್ಚು. ಬಾಯಿ ತುಂಬ ಅಚ್ಚಿನ ಪೇಸ್ಟು ಕಚ್ಚಿಕೊಂಡು ಕೂತವರು ಎದ್ದು ಓಡುವಂತಿಲ್ಲವಲ್ಲ, ಪಾಪ, ಅವರ ತಲೆ ತಿನ್ನುತ್ತಿದ್ದ. ಅದರಲ್ಲೂ ಇದೇ ಕಡಲಲ್ಲಿ ಇನ್ನೂ ಯಾರ ಕೈಗೂ ಸಿಗದೆ ತಿರುಗುತ್ತಿದ್ದ ಹಗ್ಗಕಡುಕನ ಕಥೆ ಎಂದರೆ ಮೈಯೆಲ್ಲ ಉತ್ಸಾಹ.

"ಲಂಗರಿನ ಹಗ್ಗಾನ ಹಲ್ಲಲ್ಲೇ ಕಡೀತಾನಂತ್ರೀ! ಮೂವತ್ತೆರಡೂ ಗಟ್ಟಿ!" ಎಂದು ಕಣ್ಣಾರೆ ಕಂಡವನ ಹಾಗೆ ಹೇಳುತ್ತಿದ್ದ.

ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದು, ಅರ್ಧ ಉರಿದ ದಪ್ಪ ಮೇಣದ ಬತ್ತಿಯೊಂದನ್ನು ಮೇಜಿನ ಮೇಲಿಟ್ಟರು.

"ಹಗ್ಗಕಡುಕಂದು. ಹೋದ ವಾರ ಹಡಗಿನ ದೀಪ ಎಲ್ಲ ಆರಿಸಿ, ಇದನ್ನ ಬಾಯಲ್ಲಿ ಕಚ್ಕೊಂಡು, ಮೂರು ಜನ ನಾವಿಕರ ಕೈಕಾಲು ಕಟ್ಟಿ ನೀರಿಗೆ ತಳ್ಳಿದಾನೆ. ಇದರ ಮೇಲಿನ ಗುರುತು ಕಟ್ಟಿಸಿದ ಹಲ್ಲಿಂದು ಅಂತಾರೆ ನಮ್ಮ ಡಾಕ್ಟ್ರು. ಊರಲ್ಲಿ ಸೆಟ್ಟು ಮಾಡೋರು ನಾಲ್ಕು ಜನ. ಮೂರು ಜನ ನಮ್ದಲ್ಲ ಅಂದ್ರು."

"ಅಯ್ಯೋ! ಕಟ್ಟಿಸಿದ ಹಲ್ಲಲ್ಲಿ ಹಗ್ಗ ಕಡೀತಿದ್ನಾ?" ಮೇಸ್ತ್ರಿ ನಗುತ್ತಲೇ ಬತ್ತಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ.

ಮೇಲಿನ ಸಾಲು. ಎಡಗಡೆ. ಒಂದರ ಮೇಲೊಂದು ಏರಿದ ಎರಡು ಹಲ್ಲು.

ಮೇಸ್ತ್ರಿಯ ನಗು ನಿಂತಿತು. ಬತ್ತಿಯನ್ನು ತಿರುಗಿಸಿ ನೋಡಿದ, ಕನ್ನಡಕ ಒರೆಸಿಕೊಂಡು ನೋಡಿದ. ಮೇಣದ ಗುರುತು ಓದುವುದೇ ಅವನ ಹೊಟ್ಟೆಪಾಡು, ಅದರಲ್ಲಿ ತಪ್ಪುವುದುಂಟೇ? ಪರದೆಯಾಚೆ ಮಾವ ಈರುಳ್ಳಿ ಹೆಚ್ಚುವ ಸದ್ದು ಕೇಳುತ್ತಿತ್ತು.

ಗೊತ್ತಿಲ್ಲ ಎಂದುಬಿಟ್ಟರೆ ಸಂಸಾರ ಉಳಿಯುತ್ತದೆ. ಆದರೆ ಮುಂದಿನ ಹಡಗಿನವರ ಗತಿ? ಇಷ್ಟು ವರ್ಷ ಬಾಯಿ ಚಪ್ಪರಿಸಿಕೊಂಡು ಹೇಳಿದ ಒಂದೊಂದು ಕಥೆಯಲ್ಲೂ ಯಾರೋ ಮುಳುಗಿ ಸತ್ತಿದ್ದರು. ಅದು ಅವನಿಗೆ ಹೊಳೆದದ್ದೇ ಈಗ. ಬತ್ತಿಯನ್ನು ಮೇಜಿನ ಮೇಲಿಟ್ಟ.

"ನನ್ನ ಕೈಕೆಲಸವೇ ಸಾರ್," ಎಂದ. ಆಮೇಲೆ ಪರದೆಯ ಕಡೆ ತಿರುಗಿ, "ಮಾವ, ಸ್ವಲ್ಪ ಹೊರಗೆ ಬನ್ನಿ," ಎಂದು ಕರೆದ.

ಮಾವ ಕೈ ಒರೆಸಿಕೊಳ್ಳುತ್ತ ಬಂದರು. ಇನ್ಸ್‌ಪೆಕ್ಟರರನ್ನು ನೋಡಿದರು, ಬತ್ತಿಯನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎರಡೂ ಸಾಲು ಹಲ್ಲು ತೆಗೆದು ಮೇಜಿನ ಮೇಲಿಟ್ಟರು.

"ಚೆನ್ನಾಗಿ ಮಾಡಿದ್ರಿ ಅಳಿಯಂದಿರೇ," ಎಂದರು ಬೊಚ್ಚು ಬಾಯಲ್ಲಿ. "ಹಡಗಲ್ಲಿ ಒಬ್ಬನಿಗೂ ಕಟ್ಟಿಸಿದ್ದು ಅಂತ ಗೊತ್ತಾಗ್ಲಿಲ್ಲ."

ಕೈಗೆ ಕೋಳ ಬಿತ್ತು, ಜೀಪು ಹೊರಟಿತು. ಮೇಸ್ತ್ರಿ ತಿರುಗಿದರೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಇವಳಿಗೆ ಹೇಗೆ ಹೇಳುವುದೆಂದು ಅವನ ಜೀವವೇ ಬಾಯಿಗೆ ಬಂತು.

"ನಿಮ್ಮಪ್ಪ... ಮೂರು ಜನಾನ ಕಣೇ..."

ಅವಳು ಅಳಲಿಲ್ಲ.

"ಗೊತ್ತಿಲ್ಲ ಅಂದಿದ್ರೆ ನಿಮ್ಮ ಗಂಟೇನ್ರೀ ಹೋಗ್ತಿತ್ತು?" ಎಂದಳು. "ಇಷ್ಟು ವರ್ಷ ನಾನು ಬಾಯಿ ಮುಚ್ಕೊಂಡು ಇರ್ಲಿಲ್ವಾ?"