ಹೈದರಾಬಾದ್ ಬಸ್ಸಿಗೂ ಮೊದಲು ಕಂಪ್ಯೂಟರ್ ಏಳಬೇಕಿತ್ತು

ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಔರಾದ್ ಬಸ್ ಸ್ಟ್ಯಾಂಡಿನ ಎದುರಿನ ನನ್ನ ಮೊಬೈಲ್ ಅಂಗಡಿಗೆ ಗಿರಾಕಿಗಳೇನೂ ಕಡಿಮೆ ಇರಲಿಲ್ಲ. ಹೈದರಾಬಾದಿಗೋ ಪುಣೆಗೋ ದುಡಿಯಲು ಹೊರಟವರು ಬಸ್ ಹತ್ತುವ ಮೊದಲು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದರು. ಭಜನೆ, ತತ್ವಪದ, ಸಿನಿಮಾ ಹಾಡು, ಮರಾಠಿ ಗೀತೆ. ರೊಟ್ಟಿಯ ಬುತ್ತಿಯ ಜೊತೆ ಅದೂ ಒಂದು ಬುತ್ತಿ.

ಅವತ್ತು ಬೆಳಿಗ್ಗೆ ಚಿಂತಾಕಿ ಕಡೆಯ ಹೆಣ್ಣುಮಗಳೊಬ್ಬಳು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬಂದು ಕಾರ್ಡ್ ಕೊಟ್ಟಳು. ಗಂಡ ಮೊದಲೇ ಹೈದರಾಬಾದ್ ಸೇರಿದ್ದ, ಇವಳು ಅವತ್ತಿನ ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದಳು.

"ಹಾಡು ಯಾವ್ವರೆ ಹಾಕ್ರಿ ಅಣ್ಣಾರ. ಇದರಾಗ ನಮ್ಮವ್ವನ ದನಿ ಅದ, ಅದೊಂದು ಹೋಗಬಾರದು ನೋಡ್ರಿ" ಎಂದಳು. ಅವ್ವ ಆ ಬೇಸಿಗೆಯಲ್ಲೇ ತೀರಿಕೊಂಡಿದ್ದಳಂತೆ.

"ಎಲ್ಲಿ ಹೋಗ್ತದವ್ವ, ಸಂತಿ ಮುಗಿಸಿ ಬಾ" ಎಂದೆ ದೊಡ್ಡ ಗತ್ತಿನಲ್ಲಿ.

ನಮ್ಮ ದಂಧೆಯ ರೀತಿಯೇ ಹಾಗೆ. ವೈರಸ್ಸಿನ ಭಯಕ್ಕೆ, ಕಾರ್ಡಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿ, ಕಾರ್ಡ್ ಪೂರ್ತಿ ಅಳಿಸಿ, ಆಮೇಲೆ ಹೊಸದಾಗಿ ತುಂಬುವುದು. ಅಳಿಸಿಯೂ ಆಗಿತ್ತು. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಹೊಸ ಚೈನಾ ಮೊಬೈಲ್ ತಂದ. ಕಂಪ್ಯೂಟರ್ ಅದನ್ನು ಗುರುತಿಸಲಿಲ್ಲ. ಅವನು ಕೊಟ್ಟ ಸಿ.ಡಿ.ಯಿಂದ, ಮೊಬೈಲನ್ನು ಕಂಪ್ಯೂಟರಿಗೆ ಪರಿಚಯ ಮಾಡಿಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಹಾಕಿದೆ. ಹಳೆಯ ಮೊಬೈಲ್‌ಗಳ ಡ್ರೈವರ್ ಆಗಲೇ ಒಳಗಿತ್ತು. ಎರಡಕ್ಕೂ ಜಗಳ ಹತ್ತಿತು. ಪರದೆ ನೀಲಿಯಾಗಿ, ಕಂಪ್ಯೂಟರ್ ತಾನೇ ಆರಿ ತಾನೇ ಹೊತ್ತಿಕೊಂಡು, ಮತ್ತೆ ನೀಲಿಯಾಗತೊಡಗಿತು.

ಸತ್ತವಳ ದನಿ ಈಗ ಆ ಡಬ್ಬಿಯೊಳಗೆ ಮಾತ್ರ ಇತ್ತು.

ಭಾಲ್ಕಿಯ ರಿಪೇರಿಯವನಿಗೆ ಫೋನ್ ಹಚ್ಚಿದೆ. "ಫಾರ್ಮ್ಯಾಟ್ ಹೊಡೀರಿ ಭಾಯ್, ಟೆನ್ಷನ್ ಖತಂ" ಎಂದ.

"ಡೆಸ್ಕ್‌ಟಾಪ್ ಮ್ಯಾಗ ಫೈಲ್ ಅದಪ್ಪ."

"ಅದು ಹೋಗ್ತದ್ರಿ."

ಅವನಿಗೇನು, ಹೋಗುವುದು ಅವನ ಅವ್ವನ ದನಿ ಅಲ್ಲವಲ್ಲ. ಸಿಟ್ಟಿಗೆ ಫೋನ್ ಕುಕ್ಕಿದೆ. ಆ ಸಿಟ್ಟು ನನ್ನ ಮೇಲೆಯೇ ಎಂಬುದೂ ಗೊತ್ತಿತ್ತು.

ಮಧ್ಯಾಹ್ನವಾದರೆ ಕರೆಂಟ್ ತೆಗೆಯುತ್ತಿದ್ದರು, ಬಸ್ಸೂ ಅದೇ ಹೊತ್ತಿಗೆ. ಶುರುವಾಗುವಾಗ ಎಫ್ ಎಂಟರ ಗುಂಡಿಯನ್ನು ಒತ್ತುತ್ತಾ ಕೂತೆ. ಒಂದು ಸಲ ತಡವಾಗಿ ಒತ್ತಿದೆ, ಮತ್ತೆ ನೀಲಿ. ಕೊನೆಗೆ, ತೀರಾ ಬೇಕಾದದ್ದಷ್ಟೇ ನಡೆಯುವ ಸೇಫ್ ಮೋಡ್ ತೆರೆಯಿತು. ಪರದೆಯ ನಾಲ್ಕು ಮೂಲೆಯಲ್ಲೂ ಅದೇ ಹೆಸರು, ಅಕ್ಷರಗಳೆಲ್ಲ ದಪ್ಪ ದಪ್ಪ. ದನಿಯ ಫೈಲ್ ಡೆಸ್ಕ್‌ಟಾಪಿನ ಮೇಲೆಯೇ ಕಂಡಿತು. ಕಾರ್ಡಿಗೆ ಹಾಕೋಣವೆಂದರೆ ಆ ಸ್ಥಿತಿಯಲ್ಲಿ ನನ್ನ ಕಾರ್ಡ್ ರೀಡರ್ ನಡೆಯಲಿಲ್ಲ. ಕಣ್ಣಿಗೆ ಕಾಣುತ್ತದೆ, ಕೈಗೆ ಬರುವುದಿಲ್ಲ. ಹೊಸ ಡ್ರೈವರ್ ತೆಗೆದು ಮತ್ತೆ ಶುರು ಮಾಡಿದೆ. ಮತ್ತೆ ನೀಲಿ.

ಆಗಲೇ ಅವಳು ಬಂದದ್ದು. ನನ್ನ ಮುಖ ನೋಡಿಯೇ "ಏನಾತ್ರಿ?" ಎಂದಳು.

"ಕಂಪ್ಯೂಟರ್ ಏಳವಲ್ದು" ಎಂದೆ. ಕಾರ್ಡ್ ಅಳಿಸಿದ್ದನ್ನೂ ಹೇಳಿದೆ. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೂಸನ್ನು ಕಟ್ಟೆಯ ಮೇಲೆ ಕೂಡಿಸಿ ಪರದೆಯನ್ನೇ ನೋಡುತ್ತಾ ನಿಂತಳು.

ಹೊಸದು ಹೋಗುವಾಗ ಹಳೆಯದನ್ನೂ ಕೆಡಿಸಿ ಹೋಗಿರಬೇಕು ಅನ್ನಿಸಿತು. ಮತ್ತೆ ಸೇಫ್ ಮೋಡಿಗೆ ಹೋಗಿ ಹಳೆಯ ಡ್ರೈವರನ್ನೂ ಕಿತ್ತೆ. ಹೊರಗೆ ಹೈದರಾಬಾದ್ ಬಸ್ ಬಂದು ನಿಂತು ಹಾರ್ನ್ ಹೊಡೆಯಿತು. ಶುರುವಾಗಲು ಬಿಟ್ಟು ಕಣ್ಣು ಮುಚ್ಚಿಕೊಂಡೆ. ನಾನು ದೇವರಿಗೆ ಹೆಚ್ಚು ತೊಂದರೆ ಕೊಡುವವನಲ್ಲ, ಅವತ್ತು ಕೊಟ್ಟೆ.

"ಅಣ್ಣಾರ, ಬಂತ್ರಿ" ಎಂದಳು ಅವಳೇ.

ಡೆಸ್ಕ್‌ಟಾಪ್ ಬಂದಿತ್ತು. ಹಾಡುಗಳ ಗೋಜಿಗೆ ಹೋಗದೆ ಆ ಒಂದೇ ಫೈಲನ್ನು ಕಾರ್ಡಿಗೆ ಹಾಕಿ, ಕಾರ್ಡನ್ನು ಅವಳ ಮೊಬೈಲಿಗೆ ತೊಡಿಸಿ ಒತ್ತಿದೆ. ಮೊದಲು ಗೊರಗೊರ ಸದ್ದು. ಆಮೇಲೆ ಒಂದು ಮುದಿ ದನಿ, ನಗುತ್ತಾ: "ಇದರಾಗ ಏನಂತ ಮಾತಾಡ್ಲೆ? ನೀ ಉಂಡಿ ಏನು, ಮೊದ್ಲ ಅದು ಹೇಳು."

ಅವಳು ಸ್ಪೀಕರಿನ ಮೇಲೆ ಅಂಗೈ ಒತ್ತಿ ಹಿಡಿದಳು.

"ಬಂದ್ ಮಾಡ್ರಿ ಅಣ್ಣಾರ. ಪೂರಾ ಕೇಳಿದ್ರ ನಾ ಬಸ್ ಹತ್ತಂಗಿಲ್ಲ."