ಚುಕ್ಕಿ ಹತ್ತಿದ ದಿನ ಹಬ್ಬ

ಪಕ್ಕದ ಮನೆಯ ಹುಡುಗಿ ಶಾಲೆಯ ಚಾರ್ಟಿಗೆ ಚಿತ್ರ ಅಂಟಿಸಲು ಮೈದಾ ಹಿಟ್ಟಿನ ಅಂಟು ಕಾಯಿಸುತ್ತಿದ್ದಾಳೆ. ಆ ವಾಸನೆ ಗೋಡೆ ದಾಟಿ ನನ್ನ ಅಡುಗೆಮನೆಗೆ ಬಂದಿದೆ. ನಿಮಗೆ ಈ ವಾಸನೆಯಿಂದ ಏನು ನೆನಪಾಗುತ್ತದೋ ನಾನರಿಯೆ. ಗಾಳಿಪಟ ನೆನಪಾಗಬಹುದು, ಪುಸ್ತಕಕ್ಕೆ ಹಾಕಿದ ರಟ್ಟು ನೆನಪಾಗಬಹುದು. ನನಗೆ ಮಾತ್ರ ಸಿಟ್ಟು ಬರುತ್ತದೆ. ಸಣ್ಣ ಸಿಟ್ಟಲ್ಲ, ಕೈಯಲ್ಲಿರುವ ಸೌಟನ್ನು ಎತ್ತಿ ಒಗೆಯಬೇಕು ಅನ್ನುವಂಥ ಸಿಟ್ಟು. ಅಂಟಿನ ವಾಸನೆಗೂ ಸಿಟ್ಟೇ ಎಂದು ನೀವು ನಗಬಹುದು. ನಗಿ, ನಮ್ಮ ಮನೆಯವರೂ ನಗುತ್ತಿದ್ದರು. ಪೂರ್ತಿ ಕೇಳಿದ ಮೇಲೂ ನಗು ಉಳಿದಿದ್ದರೆ ಆಗ ಮಾತಾಡೋಣ.

ಎಂಬತ್ತರ ದಶಕದಲ್ಲಿ ನಾನು ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಯಾವ ಆಸ್ಪತ್ರೆ ಎಂದು ಕೇಳಬೇಡಿ, ಅದು ಈಗ ಆ ರೂಪದಲ್ಲಿ ಇಲ್ಲ. ನನ್ನ ತವರು ಮಸ್ಕಿ, ಗಂಡನ ಮನೆ ಲಿಂಗಸುಗೂರು. ಮನೆಯವರು ಬಸ್ ಕಂಡಕ್ಟರ್. ದಿನಾ ಗಂಡನ ಮನೆಯಿಂದ ತವರಿನ ಮೇಲೆ ಹಾದು ಹೆಂಡತಿಯ ನೌಕರಿಯ ಊರಿಗೆ ಬರುವ ಬಸ್ಸು ಅವರದು. ಇಷ್ಟು ಅನುಕೂಲದ ಗಂಡ ಯಾರಿಗೆ ಸಿಗುತ್ತಾನೆ ಎಂದು ಗೆಳತಿಯರು ಕಾಡಿಸುತ್ತಿದ್ದರು. ಆದರೆ ಬಸ್ಸಿಗೂ ಹಬ್ಬವಿಲ್ಲ, ಆಸ್ಪತ್ರೆಗೂ ಹಬ್ಬವಿಲ್ಲ. ಅದೂ ಡಿಸೆಂಬರ್ ಎಂದರೆ ಕಾಲುವೆ ಕೆಳಗಿನ ಊರುಗಳಲ್ಲಿ ನೆಲ್ಲಿನ ಸುಗ್ಗಿ. ದಢೇಸುಗೂರಿನಿಂದ ಕುಡುಗೋಲು ತಾಗಿದ ಬೆರಳು, ಜವಳಗೇರಾದಿಂದ ರಾಶಿ ಯಂತ್ರಕ್ಕೆ ಸಿಕ್ಕ ಕೈ, ಮುಕ್ಕುಂದದಿಂದ ಹುಲ್ಲಿನ ಬಣವೆಯಲ್ಲಿ ಹಾವು ಕಚ್ಚಿಸಿಕೊಂಡವರು. ಮಂಚ ಸಾಲದೆ ವರಾಂಡದಲ್ಲಿ ಚಾಪೆ ಹಾಸುತ್ತಿದ್ದೆವು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಎಲ್ಲಿಯೂ ಬರೆದಿಟ್ಟದ್ದಲ್ಲ, ಬಾಯಿಮಾತಿನದು. ನಿಮ್ಮ ಹಬ್ಬಕ್ಕೆ ನಾವು ಡ್ಯೂಟಿಗೆ ನಿಲ್ಲುವುದು, ನಮ್ಮ ಹಬ್ಬಕ್ಕೆ ನೀವು ನಿಲ್ಲುವುದು. ನಾನು ಯುಗಾದಿಗೆ ನಿಂತೆ, ಪಂಚಮಿಗೆ ನಿಂತೆ, ದೀಪಾವಳಿಗಂತೂ ಮೂರೂ ದಿನ ನಿಂತೆ. ಪಟಾಕಿಯಿಂದ ಸುಟ್ಟುಕೊಂಡ ಮಕ್ಕಳ ಕೈಗೆ ಮುಲಾಮು ಹಚ್ಚುತ್ತ, ಹೋಗಲಿ ಬಿಡು, ಡಿಸೆಂಬರ್ ಇಪ್ಪತ್ತೈದರ ಕ್ರಿಸ್‌ಮಸ್ ನನ್ನದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಡಿಸೆಂಬರ್ ಬಂದಾಗ ಹೆಡ್ ಸಿಸ್ಟರ್ ಶರಣಮ್ಮನವರು ಡ್ಯೂಟಿ ಹಾಕುವ ಹಾಳೆಯಿಂದ ಕಣ್ಣೆತ್ತದೆ ಹೇಳುತ್ತಿದ್ದರು.

"ನಿಮ್ಮದು ಊರ ಹಬ್ಬ ಅಲ್ಲವ್ವಾ. ನಾಕು ಮನಿ ಹಬ್ಬ. ಎಂದು ಮಾಡಿದ್ರೂ ಮಾಡಿದಂಗ ಆಕ್ಕದ. ಎರಡು ದಿನ ಬಿಟ್ಟು ರಜಾ ತಗೋ."

ಇದನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ನನಗೆ ಈಗಲೂ ಮೈ ಉರಿಯುವುದು ಅದಕ್ಕೇ. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಜಗಳಕ್ಕೆ ಒಂದು ಹಿಡಿಕೆಯಾದರೂ ಸಿಗುತ್ತಿತ್ತು. ಅವರು ಹೊಟ್ಟೆ ಹಸಿದವರಿಗೆ ಆಮೇಲೆ ಉಣ್ಣು ಎಂದಷ್ಟು ಸಹಜವಾಗಿ ಹೇಳುತ್ತಿದ್ದರು. ನನ್ನ ಸಿಟ್ಟೋ, ಆಗ ಬಹಳ ಮರ್ಯಾದಸ್ಥ ಸಿಟ್ಟು. ಎದುರಿಗೆ "ಆಗಲ್ರಿ ಅಕ್ಕಾರ" ಎನ್ನುವುದು, ಮನೆಗೆ ಬಂದು ಜೋಳದ ಹಿಟ್ಟಿನ ಮೇಲೆ ತೀರಿಸಿಕೊಳ್ಳುವುದು. ಡಿಸೆಂಬರಿನಲ್ಲಿ ನಾನು ಬಡಿದ ರೊಟ್ಟಿ ಎಷ್ಟು ತೆಳ್ಳಗಿರುತ್ತಿದ್ದವೆಂದರೆ, ಚಳಿಗಾಲಕ್ಕೆ ಸೊಸೆಯ ಕೈ ಪಳಗುತ್ತದೆ ಎಂದು ಅತ್ತೆ ಓಣಿಯಲ್ಲೆಲ್ಲ ಹೊಗಳುತ್ತಿದ್ದರು. ಕೂಸನ್ನು ನೋಡಿಕೊಳ್ಳಲೆಂದು ಅವರು ಲಿಂಗಸುಗೂರು ಬಿಟ್ಟು ನಮ್ಮ ಜೊತೆಗೇ ಇದ್ದರು.

ಕೂಸೆಂದರೆ ನನ್ನ ಮಗಳು ರೂತಿ. ಅವಳಿಗೆ ಮೂರು ತುಂಬಿದ ವರ್ಷ ಮಸ್ಕಿಯಿಂದ ನನ್ನ ಅಪ್ಪ ಬಿಳಿ ಫ್ರಾಕು ಕಳಿಸಿದ್ದರು. ಮುಂಜಾನೆ ಅದನ್ನು ತೊಡಿಸಿ, ನಾ ಬಂದ ಮೇಲೆ ಹಬ್ಬ ಎಂದು ಹೇಳಿ ಡ್ಯೂಟಿಗೆ ಹೋದೆ. ಮಧ್ಯಾಹ್ನ ಬರಬೇಕಾದವಳು, ಟ್ರ್ಯಾಕ್ಟರು ಮಗುಚಿ ಕೂಲಿ ಹೆಣ್ಣುಮಕ್ಕಳನ್ನು ತಂದರೆಂದು ಸಂಜೆಯವರೆಗೆ ಅಲ್ಲೇ ಉಳಿದೆ. ಮನೆಗೆ ಬಂದಾಗ ಮಗಳು ಹೊಸ್ತಿಲಲ್ಲಿ ಬಾಗಿಲ ಚೌಕಟ್ಟಿಗೆ ಒರಗಿ, ಫ್ರಾಕು, ಬೂಟು, ತಲೆಗೆ ಕಟ್ಟಿದ ರಿಬ್ಬನ್ ಸಮೇತ ನಿದ್ದೆ ಹೋಗಿದ್ದಳು. ಉಣ್ಣಲು ಕರೆದರೆ ಹಬ್ಬ ಇನ್ನೂ ಬಂದಿಲ್ಲ ಎಂದು ಹಟ ಮಾಡಿದಳಂತೆ. ಟ್ರ್ಯಾಕ್ಟರಿನ ಹೆಣ್ಣುಮಕ್ಕಳ ಮೇಲೆ ನನಗೆ ಸಿಟ್ಟಿರಲಿಲ್ಲ. ಅವತ್ತು ಅಲ್ಲಿ ನಿಲ್ಲಬೇಕಾದವರು ನಾನಲ್ಲದೆ ಇನ್ನೊಬ್ಬರು ಇದ್ದರಲ್ಲ, ಅವರ ಮನೆಯಲ್ಲಿ ಅವತ್ತು ಯಾವ ಹಬ್ಬವೂ ಇರಲಿಲ್ಲವಲ್ಲ, ಅದಕ್ಕೆ ಸಿಟ್ಟು.

ಇದನ್ನೆಲ್ಲ ನಾನು ತೋಡಿಕೊಂಡದ್ದು ನೂರ್‌ಜಹಾನಳ ಮುಂದೆ. ಅವಳೂ ನರ್ಸ್, ನನಗಿಂತ ಎರಡು ವರ್ಷ ಹಿರಿಯಳು, ನಗುವುದಕ್ಕೆ ಕಾರಣ ಬೇಡದವಳು. ನನ್ನ ಬದಲಿಗೆ ನಿಲ್ಲಲು ಅವಳು ಯಾವತ್ತೂ ತಯಾರು. ಆದರೆ ಹೆರಿಗೆ ವಾರ್ಡಿನಿಂದ ಅವಳನ್ನು ಬಿಡುತ್ತಿರಲಿಲ್ಲ.

"ಹುಚ್ಚಿ ಇದ್ದೀ ಬೇ ನೀ," ಅಂದಳು. "ನಮ್ಮ ಈದು ಎಂದು ಅಂತ ನಮಗ ಗೊತ್ತಿರತದೇನು? ಚಂದ್ರ ಕಂಡ್ರ ನಾಳೆ, ಕಾಣಲಿಲ್ಲಂದ್ರ ನಾಡಿದ್ದು. ಮಕ್ಕಳು ಮಾಳಗಿ ಮ್ಯಾಲೆ ನಿಂತು ಕಾಯ್ತಾವ. ನಿನ್ನ ಮಗಳಿಗೆ ಕ್ಯಾಲೆಂಡರ್ ಓದಾಕ ಬರತದೇನು? ನಿಮ್ಮ ಬಡಾ ದಿನಕ್ಕೂ ಒಂದು ಚಂದ್ರ ಹುಡುಕು!"

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಮರುಮಾತಿಲ್ಲದೆ ಒಪ್ಪಿದರು. ಮುಂದಿನ ವರ್ಷ ಬಿದಿರು ಸೀಳಿ, ಬಣ್ಣದ ಹಾಳೆ ತಂದು, ಮೈದಾ ಅಂಟು ಕಾಯಿಸಿ ದೊಡ್ಡದೊಂದು ನಕ್ಷತ್ರ ಮಾಡಿದರು. ಅದನ್ನು ಬಾಗಿಲ ಮುಂದೆ ತೂಗು ಹಾಕಿ ಒಳಗೆ ಬಲ್ಬು ಇಟ್ಟರು, ಆದರೆ ಹಚ್ಚಲಿಲ್ಲ. ಚುಕ್ಕಿ ಎಂದು ಹತ್ತುತ್ತದೋ ಅಂದೇ ಹಬ್ಬ ಎಂದು ಮಗಳಿಗೆ ಹೇಳಿದೆವು. ಹತ್ತುವುದು ನನಗೆ ರಜೆ ಸಿಕ್ಕಾಗ ಎಂಬುದು ಬೇರೆ ಮಾತು. ಇನ್ನೂ ಒಂದು ಅನುಕೂಲ ಇತ್ತು ನೋಡಿ, ಸಿಂಧನೂರಿನ ನಮ್ಮ ನಾಲ್ಕಾರು ಕುಟುಂಬಗಳಿಗೆ ಪ್ರಾರ್ಥನೆ ಮಾಡಿಸುವ ಪಾಸ್ಟರು ಲಿಂಗಸುಗೂರಿನವರು. ಅವರೂ ಅಲ್ಲಿಯ ಹಬ್ಬ ಮುಗಿಸಿಕೊಂಡು ಒಂದೆರಡು ದಿನ ತಡವಾಗಿಯೇ ಬರುತ್ತಿದ್ದರು. ನಮ್ಮ ಓಣಿಯಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ತಾರೀಖು ತಿಳಿಸಿ ಗುಟ್ಟು ಕೆಡಿಸುವವರು ಯಾರೂ ಇರಲಿಲ್ಲ.

ಅತ್ತೆ ಮಾತ್ರ ಮಗನನ್ನು ಹಿಡಿದು ಝಾಡಿಸಿದರು. "ಹಬ್ಬ ಅಂದ್ರ ನಿನ್ನ ಬಸ್ಸೇನಲೇ, ತಡ ಆಗಿ ಬರಾಕ? ದೇವರ ಮಗ ಹುಟ್ಟಿದ ದಿನ ಇದು. ಆತಗೂ ಈಕಿ ರಜಾದ ಹಾದಿ ಕಾಯಿ ಅಂತೀಯೇನು?"

ಬೈದರೂ ಕರ್ಜಿಕಾಯಿಗೆ ಹೂರಣ ಅವರೇ ತುಂಬಿದರು. ಮನೆಯವರು ನೆಲ್ಲುಹುಲ್ಲಿನಿಂದ ಯೇಸು ಹುಟ್ಟಿದ ಗೋದಲಿ ಮಾಡಿ, ಕಾಲುವೆಯ ಜೇಡಿಮಣ್ಣಿನಿಂದ ಕುರಿಗಳನ್ನು ಮಾಡಿದರು. ಒಂದೊಂದೂ ಎಮ್ಮೆಕರುವಿನ ಹಾಗೆ ಕಾಣುತ್ತಿತ್ತು. ಕುರುಬರು ಎಮ್ಮೆ ಕಾಯುತ್ತಿದ್ದರೇ ಎಂದು ನಾನು ಕೇಳಿದರೆ, ಸಿಂಧನೂರಿನ ಹುಲ್ಲು ತಿಂದು ದಪ್ಪಗಾಗಿವೆ ಎಂದರು. ಇಪ್ಪತ್ತೇಳಕ್ಕೋ ಇಪ್ಪತ್ತೆಂಟಕ್ಕೋ ನಸುಕಿನಲ್ಲಿ ನಕ್ಷತ್ರ ಹತ್ತಿದಾಗ ರೂತಿ ಹೊದಿಕೆ ಕಿತ್ತೆಸೆದು "ಹತ್ತೇದ! ಹತ್ತೇದ!" ಎಂದು ಓಣಿಯನ್ನೆಲ್ಲ ಎಬ್ಬಿಸಿದಳು. ಹೀಗೆ ಕೆಲವು ವರ್ಷ ನಡೆಯಿತು. ನೂರ್‌ಜಹಾನ ಮನೆಗೆ ಬಂದಾಗಲೆಲ್ಲ ಮಗಳು, "ಖಾಲಾ, ನಮ್ಮ ಚುಕ್ಕಿ ನಿಮ್ಮ ಓಣ್ಯಾಗೂ ಕಾಣತದೇನ್ರಿ?" ಎಂದು ಕೇಳುವಳು. ಅವಳು ಮುಖ ಗಂಭೀರ ಮಾಡಿಕೊಂಡು, ಇನ್ನೂ ಖಬರ್ ಬಂದಿಲ್ಲ ಎನ್ನುವಳು. ನಾನೂ ನಗುತ್ತಿದ್ದೆ. ಆದರೆ ಇಪ್ಪತ್ತೈದರ ಮುಂಜಾನೆ ಬಿಳಿ ಸೀರೆ ಉಟ್ಟು, ಹತ್ತದ ನಕ್ಷತ್ರದ ಕೆಳಗೆ ತಲೆ ಬಾಗಿಸಿ ಹೊರಡುವಾಗ ತಿರುಗಿ ನೋಡುತ್ತಿರಲಿಲ್ಲ. ಅದು ದುಃಖ ಎಂದು ತಿಳಿದಿದ್ದೆ, ಸಿಟ್ಟೆಂದು ತಿಳಿಯಲು ತಡವಾಯಿತು.

ರೂತಿ ಒಂದನೇ ಇಯತ್ತೆಗೆ ಹೋದಳು. ಹಬ್ಬದ ಒಂದು ದಿನದ ಸೂಟಿ ಮುಗಿದು ಮರುದಿನ ಶಾಲೆ ತೆರೆದಾಗ ಟೀಚರು ಪ್ರೀತಿಯಿಂದಲೇ ಕೇಳಿದರಂತೆ, ಹಬ್ಬ ಹೆಂಗ ಮಾಡಿದ್ರಿ ರೂತಿ ಎಂದು. ಇವಳು ಎದ್ದು ನಿಂತು, "ನಮ್ಮ ಹಬ್ಬ ಇನ್ನಾ ಆಗಿಲ್ರಿ, ಚುಕ್ಕಿ ಹತ್ತಿಲ್ರಿ" ಅಂದಿದ್ದಾಳೆ. ಹುಡುಗರು ಗೊಳ್ಳೆಂದರು. ಸರಕಾರವೇ ನಿನ್ನೆ ಸೂಟಿ ಕೊಟ್ಟಿದೆ, ಹಾಗೆಲ್ಲ ಸುಳ್ಳು ಹೇಳಬಾರದು ಎಂದು ಟೀಚರು ಅವಳನ್ನು ಕೂರಿಸಿದರು. ಸಂಜೆ ಮಗಳು ಬಂದು ಪಾಟಿಚೀಲವನ್ನೂ ಇಳಿಸದೆ ನನ್ನ ಮುಂದೆ ನಿಂತಳು.

"ಅವ್ವಾ, ನಮ್ಮ ಹಬ್ಬ ಸುಳ್ಳೇನು?"

ಅತ್ತೆ ಏನೋ ಸಮಾಧಾನ ಹೇಳಲು ಹೋದರು, ನಾನು ಬಿಡಲಿಲ್ಲ. ಸುಳ್ಳು ಹೇಳಿದವಳು ನಾನು, ಸರಿ. ನನಗೆ ಅದರ ಬಗ್ಗೆ ಇವತ್ತಿಗೂ ನಾಚಿಕೆಯಿಲ್ಲ. ಆ ಸುಳ್ಳನ್ನು ನನ್ನ ಬಾಯಿಗೆ ತುರುಕಿದವರು ಬೇರೆ ಇದ್ದರು, ಉತ್ತರ ಅವರೇ ಕೊಡಲಿ ಅನ್ನಿಸಿತು. ಮಗಳ ಕೈ ಹಿಡಿದುಕೊಂಡು, ಉಟ್ಟ ಮನೆಸೀರೆಯಲ್ಲೇ ಆಸ್ಪತ್ರೆಗೆ ನಡೆದೆ.

ಶರಣಮ್ಮನವರು ಔಷಧಿ ಕೋಣೆಯಲ್ಲಿದ್ದರು, ನೂರ್‌ಜಹಾನ ಬ್ಯಾಂಡೇಜು ಸುತ್ತಿಡುತ್ತಿದ್ದಳು. ನಾನು ಮಗಳನ್ನು ಮುಂದೆ ನಿಲ್ಲಿಸಿದೆ.

"ಈಕಿ ಒಂದು ಮಾತು ಕೇಳಾಕತ್ತಾಳ್ರಿ ಅಕ್ಕಾರ. ನನಗ ಉತ್ತರ ಗೊತ್ತಿಲ್ಲ. ನೀವ ಹೇಳ್ರಿ."

ರೂತಿ ಅಳುಕದೆ ಕೇಳಿದಳು. ಶರಣಮ್ಮನವರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. "ಸುಳ್ಳಲ್ಲವ್ವಾ, ನಿಮ್ಮವ್ವಗ ಕೆಲಸ ಇತ್ತು," ಅಂದರು.

"ದೀಪಾವಳಿಗೂ ಕೆಲಸ ಇತ್ತಲ್ರಿ," ಅಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. "ನಿಮ್ಮನಿಯಾಗ ಎಂದು ದೀಪ ಹಚ್ಚಿದ್ರಿ? ಅಮಾಸಿ ದಿನ ಹಚ್ಚಿದ್ರೋ, ನನಗ ರಜಾ ಸಿಕ್ಕ ದಿನ ಹಚ್ಚಿದ್ರೋ? ನಾ ಮೂರು ದಿನ ನಿಂತೆ. ನಾಕು ಮನಿ ಹಬ್ಬ ಅಂತೀರಿ. ಆ ನಾಕು ಮನಿಯಾಗ ಇದೊಂದು ಕೂಸು ಐತ್ರಿ. ನಿನ್ನೆ ಮುಂಜಾನೆ ಚುಕ್ಕಿ ಹತ್ತೇದೋ ಇಲ್ಲೋ ಅಂತ ನೋಡಿ ಮತ್ತ ಮಕ್ಕೊಂಡಾಳ."

ವರಾಂಡದ ರೋಗಿಗಳೆಲ್ಲ ಇಣುಕಿ ನೋಡಿದರು. ನೂರ್‌ಜಹಾನ ಸುತ್ತುತ್ತಿದ್ದ ಬ್ಯಾಂಡೇಜು ಕೈಯಿಂದ ಜಾರಿ ಉದ್ದಕ್ಕೆ ಬಿಚ್ಚಿಕೊಂಡು ಹೋಯಿತು. ಶರಣಮ್ಮನವರು "ಇಷ್ಟು ದಿನ ಹಿಂಗ ಯಾಕ ಹೇಳಲಿಲ್ಲ ನೀ?" ಎಂದು ಕೇಳಿದರು. ಆ ಪ್ರಶ್ನೆಗೆ ನನಗೆ ಇನ್ನಷ್ಟು ಸಿಟ್ಟು ಬಂತು. ಯಾಕೆಂದರೆ ನಾನು ಪ್ರತಿ ವರ್ಷವೂ ಹೇಳಿದ್ದೆ. ಮೆಲ್ಲಗೆ ಹೇಳಿದ್ದೆ, ಅಷ್ಟೇ. ಮೆಲ್ಲಗೆ ಹೇಳಿದ್ದನ್ನು ಕೇಳಿಸಿಕೊಳ್ಳುವ ಗರಜು ಯಾರಿಗೂ ಇರುವುದಿಲ್ಲ.

ಮರುವರ್ಷ ಇಪ್ಪತ್ತೈದಕ್ಕೆ ರಜೆ ಬಂತು. ನಾನು ಬಾಯಿ ಬಿಡುವ ಮೊದಲೇ ಬಂತು. ಶರಣಮ್ಮನವರೇ ಅವತ್ತು ನನ್ನ ವಾರ್ಡಿನಲ್ಲಿ ನಿಂತರು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಸುಕಿನಲ್ಲಿ ನಕ್ಷತ್ರ ಹಚ್ಚಿದೆವು. ರೂತಿ ಎದ್ದಳು, ಆದರೆ ಓಡಲಿಲ್ಲ. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ನೋಡಿ, ಅಜ್ಜಿಯ ಕಡೆ ತಿರುಗಿ, "ಇವತ್ತು ಖರೇನ ಇಪ್ಪತ್ತೈದೇನಜ್ಜೀ?" ಎಂದು ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ, ನನ್ನನ್ನು ಕೇಳಲಿಲ್ಲ. ಹಬ್ಬ ಸಿಕ್ಕಿತು, ಹಬ್ಬದ ಬಗ್ಗೆ ನನ್ನ ಮಾತು ನಂಬುವ ಮಗಳು ಹೋದಳು ಅಂದುಕೊಂಡೆ. ಆ ಮುಂಜಾನೆಯನ್ನು ನನ್ನಿಂದ ಇವತ್ತಿಗೂ ಕ್ಷಮಿಸಲು ಆಗಿಲ್ಲ.

ಇಷ್ಟನ್ನು ನಿಮಗೆ ಹೇಳುತ್ತಿರುವಾಗಲೇ ಅವಳದೇ ಫೋನು ಬಂತು. ಈಗ ಲಿಂಗಸುಗೂರಿನಲ್ಲಿದ್ದಾಳೆ, ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುತ್ತಾಳೆ. ಅವಳಿಗೊಬ್ಬ ನಾಲ್ಕು ವರ್ಷದ ಮಗ.

"ಅವ್ವಾ, ಹೊಸ ಮಾಲು ಬಂದದಂತ. ಮಾಲಕರು ಇಪ್ಪತ್ತೈದಕ್ಕ ಬಿಡಂಗಿಲ್ಲ ಅಂದ್ರು," ಅಂದಳು. "ಹೋಗಲಿ ಬಿಡು. ನೀ ಮಾಡ್ತಿದ್ಯಲ್ಲ, ಹಂಗ ಮಾಡ್ತೀನಿ. ಇಪ್ಪತ್ತೇಳಕ್ಕ ಹಬ್ಬ ಅಂತ ಇವಗ ಹೇಳ್ತೀನಿ. ಎಷ್ಟು ಚಲೋ ಇತ್ತಲ್ಲವಾ ಅದು! ನನಗ ಈಗಲೂ ಆ ಹಬ್ಬನ ನೆನಪು. ಇಪ್ಪತ್ತೈದಕ್ಕ ಮಾಡಿದ್ದು ಒಂದೂ ನೆನಪಿಲ್ಲ ನೋಡು."

ನಾನು ಗ್ಯಾಸ್ ಆರಿಸಿ ಗೋಡೆಗೆ ಒರಗಿ ನಿಂತೆ. ಇಷ್ಟು ವರ್ಷ ಅವಳ ಹಬ್ಬ ಹಾಳಾಯಿತೆಂದು ನಾನು ಕುದಿಯುತ್ತಿದ್ದರೆ, ಅವಳು ಅದನ್ನೇ ಜೋಪಾನ ಮಾಡಿಕೊಂಡು ಕೂತಿದ್ದಾಳೆ. ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಎದೆಯ ಮೇಲಿನ ಒಂದು ಕಲ್ಲು ಇಳಿಯಿತು. ಆದರೆ ಸಿಟ್ಟು ಇಳಿಯಲಿಲ್ಲ. ಆ ಹಬ್ಬ ಅವಳಿಗೆ ಚಂದವಿತ್ತು, ಬಾಗಿಲು ದಾಟಿ ಹೋಗುತ್ತಿದ್ದ ನನಗೆ ಇರಲಿಲ್ಲ. ಈಗ ಬಾಗಿಲು ದಾಟಿ ಹೋಗುವವಳು ಅವಳು.

"ರೂತಿ," ಅಂದೆ, "ಮಾಲಕರನ್ನ ಹೆಂಗ ಕೇಳಿದಿ? ಮೆಲ್ಲಕ ಕೇಳಿದೇನು?"

"ಹೂಂ ಮತ್ತ. ಇನ್ನೆಂಗ ಕೇಳಲಿ?"

"ಕೂಸಿನ ಕೈ ಹಿಡಕೊಂಡು ಹೋಗು. ಅಂಗಡ್ಯಾಗ ಗಿರಾಕಿ ಇದ್ದಾಗ ಹೋಗು. ಜೋರಾಗಿ ಕೇಳು."

"ಎಂದು ಹೋಗಲಿ?" ಅಂದಳು.

"ಈಗ," ಅಂದೆ.